ಡೇಟ್ ಮುಗಿದ ಪ್ಯಾಕೆಟ್: ಯಾವುದನ್ನು ತಿನ್ನಬಹುದು, ಯಾವುದನ್ನು ಎಸೆಯಲೇಬೇಕು

ಕಳೆದ ಭಾನುವಾರ ಫ್ರಿಜ್ ಒರೆಸೋಣ ಅಂತ ಎಲ್ಲಾ ಹೊರಗೆ ತೆಗೆದೆ. ಡೇಟ್ ದಾಟಿದ ಐದು ಸಾಮಾನು ಸಿಕ್ಕವು. ಪನೀರ್ ಮೂರು ದಿನ ದಾಟಿತ್ತು. ಮೊಸರು ಎರಡು ದಿನ. ದೋಸೆ ಹಿಟ್ಟು ಒಂದು ದಿನ. ಬ್ರೆಡ್ಡು ಎರಡು ದಿನ. ಎಲ್ಲಕ್ಕಿಂತ ಹಿಂದೆ ಸೇರಿಕೊಂಡಿದ್ದ ಕಡಲೆಬೀಜದ ಪ್ಯಾಕೆಟ್ಟು ಎರಡು ತಿಂಗಳು. ಅತ್ತೆ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ನೋಡಿ, "ಎಲ್ಲಾ ಚೆನ್ನಾಗೇ ಇದೆ, ಸುಮ್ನೆ ಎಸೀಬೇಡ" ಅಂದರು. ಮಗಳು ಡೇಟ್ ಓದಿ ಐದನ್ನೂ ಕಸದ ಬುಟ್ಟಿಯ ಕಡೆ ಸರಿಸಿದಳು.

ನಿಮ್ಮ ಮನೆಯಲ್ಲೂ ಇದೇ ಜಗಳ ಅಲ್ವಾ? ಒಬ್ಬರಿಗೆ ಮೂಗೇ ಪ್ರಮಾಣ, ಇನ್ನೊಬ್ಬರಿಗೆ ಅಚ್ಚಾದ ಡೇಟೇ ಪ್ರಮಾಣ. ನನ್ನ ಪ್ರಕಾರ ಇಬ್ಬರೂ ಅರ್ಧ ಸರಿ. ಒಣ ಸಾಮಾನಿಗೆ, ಹುಳಿ ಬಂದ ಸಾಮಾನಿಗೆ ಅತ್ತೆಯ ಮೂಗು ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನಂಶ ಜಾಸ್ತಿ ಇದ್ದು, ಹುಳಿಯೂ ಇಲ್ಲದ, ಉಪ್ಪೂ ಇಲ್ಲದ ಸಾಮಾನಿಗೆ ಮಗಳ ಡೇಟ್ ಮಾತು ಕೇಳಬೇಕು. ಯಾವುದಕ್ಕೆ ಯಾರ ಮಾತು ಅನ್ನೋದು ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲು, ಅದು ಯಾವ ಡೇಟ್ ಅಂತ ನೋಡಿ

ಪ್ಯಾಕೆಟ್ ಮೇಲೆ ಎರಡು ಬೇರೆ ಬೇರೆ ಮಾತು ಇರುತ್ತವೆ. "ಬೆಸ್ಟ್ ಬಿಫೋರ್" ಅಂದರೆ ಆ ದಿನದ ತನಕ ರುಚಿ, ಗರಿಗರಿ, ಘಮ ಎಲ್ಲಾ ಕಂಪನಿ ಹೇಳಿದ ಹಾಗೇ ಇರುತ್ತದೆ ಅಂತ. ಅದು ದಾಟಿದರೆ ರುಚಿ ಕಡಿಮೆ ಆಗಬಹುದು, ಆದರೆ ತಿನ್ನಲು ಆಗುವುದೇ ಇಲ್ಲ ಅಂತೇನಿಲ್ಲ. "ಯೂಸ್ ಬೈ" ಅಥವಾ "ಎಕ್ಸ್‌ಪೈರಿ" ಅಂದರೆ ಆಮೇಲೆ ಅದರ ಸುರಕ್ಷತೆಗೆ ಭರವಸೆ ಇಲ್ಲ, ಮಾರಲೂ ಬಾರದು, ಬಳಸಲೂ ಬಾರದು ಅಂತ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ ಇವೆರಡನ್ನೂ ಹೀಗೇ ಬೇರೆ ಮಾಡಿ ಹೇಳುತ್ತದೆ.

ಇಲ್ಲಿ ಒಂದು ತೊಡಕಿದೆ. 2020ರ ಲೇಬಲ್ ನಿಯಮದ ಪ್ರಕಾರ ಭಾರತದಲ್ಲಿ ಪ್ಯಾಕೆಟ್ ಮೇಲೆ "ಎಕ್ಸ್‌ಪೈರಿ" ಅಥವಾ "ಯೂಸ್ ಬೈ" ಹಾಕುವುದು ಕಡ್ಡಾಯ, "ಬೆಸ್ಟ್ ಬಿಫೋರ್" ಬೇಕಿದ್ದರೆ ಜೊತೆಗೆ ಹಾಕಬಹುದು. ಹಾಗಾಗಿ ಬಿಸ್ಕತ್ತಿನ ಮೇಲೂ ಅದೇ ಮಾತು, ಪನೀರ್ ಮೇಲೂ ಅದೇ ಮಾತು. ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ "ಯೂಸ್ ಬೈ" ಹಾಕುವುದು ಬೇಗ ಕೆಟ್ಟು ಅಪಾಯ ತರುವ ಸಾಮಾನಿಗೆ ಮಾತ್ರ, ಉಳಿದದ್ದಕ್ಕೆಲ್ಲಾ "ಬೆಸ್ಟ್ ಬಿಫೋರ್". ಲಂಡನ್ನಿನಲ್ಲಿರುವ ನಿಮ್ಮ ತಂಗಿ "ಯೂಸ್ ಬೈ ಅಂದರೆ ಮಾತೇ ಇಲ್ಲ, ಎಸಿ" ಅಂದರೆ ಅವಳ ಊರಿಗೆ ಅದು ಸರಿ. ಅಮೆರಿಕದಲ್ಲಿ ಇನ್ನೂ ಬೇರೆ. ಹಸುಗೂಸಿನ ಫಾರ್ಮುಲಾ ಬಿಟ್ಟರೆ ಡೇಟ್ ಹಾಕಲೇಬೇಕು ಅಂತ ಇಡೀ ದೇಶಕ್ಕೆ ಒಂದೇ ಕಾನೂನಿಲ್ಲ, "ಸೆಲ್ ಬೈ" ಅಂತ ಬರೆದದ್ದು ಅಂಗಡಿಯವನಿಗೆ ಹೇಳಿದ ಮಾತು. ನಾವು ಇಲ್ಲಿ ಮಾತು ಒಂದನ್ನೇ ನಂಬಿ ಕೂರಲು ಆಗುವುದಿಲ್ಲ, ಒಳಗಿರುವ ಸಾಮಾನಿನ ಗುಣವನ್ನೂ ನೋಡಬೇಕು.

ಇನ್ನೊಂದು ಮುಖ್ಯ ವಿಷಯ. ಆ ಡೇಟ್ ಇರುವುದು ಪ್ಯಾಕೆಟ್ ಒಡೆಯದೆ, ಹೇಳಿದಷ್ಟು ತಂಪಿನಲ್ಲಿ ಇಟ್ಟಿದ್ದರೆ ಮಾತ್ರ. ಕತ್ತರಿ ಹಾಕಿದ ಕ್ಷಣದಿಂದ ಆ ಲೆಕ್ಕ ಮುಗಿಯಿತು. ಟೆಟ್ರಾ ಪ್ಯಾಕ್ ಹಾಲಿನ ಮೇಲೆ ಇನ್ನೂ ಮೂರು ತಿಂಗಳಿದೆ ಅಂತ ಒಡೆದು ವಾರಗಟ್ಟಲೆ ಫ್ರಿಜ್ಜಿನಲ್ಲಿ ಇಟ್ಟವರನ್ನು ನೋಡಿದ್ದೇನೆ. ಒಡೆದ ಮೇಲೆ ಅದೂ ಮಾಮೂಲಿ ಹಾಲೇ. ಎರಡು ಮೂರು ದಿನದಲ್ಲಿ ಖಾಲಿ ಮಾಡಬೇಕು.

ಮೂಗು ಎಲ್ಲಿ ಮೋಸ ಹೋಗುತ್ತದೆ

ನನಗೆ ಇದು ಅರ್ಥವಾಗಿದ್ದು ಒಂದು ಚಿತ್ರಾನ್ನದಿಂದ. ಏಪ್ರಿಲ್ ತಿಂಗಳು, ಬಳ್ಳಾರಿಯ ಬಿಸಿಲು. ಮಧ್ಯಾಹ್ನದ ಅನ್ನ ಕುಕ್ಕರಿನಲ್ಲೇ ಉಳಿದಿತ್ತು, ಮುಚ್ಚಳ ಮುಚ್ಚಿ ಕಟ್ಟೆ ಮೇಲೆ. ರಾತ್ರಿ ಒಂಬತ್ತಕ್ಕೆ ನೋಡಿದೆ, ಹಳಸಿದ ವಾಸನೆ ಇರಲಿಲ್ಲ, ಅಂಟೂ ಇರಲಿಲ್ಲ. ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಇಂಗು ಹಾಕಿ ಒಗ್ಗರಣೆ ಕೊಟ್ಟೆ, ನಿಂಬೆ ಹಿಂಡಿದೆ, ಮನೆಯೆಲ್ಲಾ ಘಮ ಅಂತ. ಊಟ ಮಾಡಿ ಮೂರು ಗಂಟೆ ಆಗುವಷ್ಟರಲ್ಲಿ ವಾಂತಿ ಶುರು. ನನಗೂ ಮಗಳಿಗೂ. ಅವಳಿಗೆ ಆಗ ಏಳು ವರ್ಷ. ಬೆಳಗಿನ ತನಕ ಚಮಚ ಚಮಚ ಓಆರ್‌ಎಸ್ ಕುಡಿಸುತ್ತಾ ಕೂತಿದ್ದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಅನ್ನ ಬೇಯಿಸಿದರೂ ಅದು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮತ್ತೆ ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಆ ಅನ್ನಕ್ಕೆ ಯಾವ ಡೇಟೂ ಇರಲಿಲ್ಲ, ಅಂದೇ ಮಾಡಿದ್ದು. ಆದರೂ ಕೆಟ್ಟಿತ್ತು. ಅದರ ಪಕ್ಕದ ಡಬ್ಬದಲ್ಲಿದ್ದ ಡೇಟ್ ದಾಟಿದ ಚಟ್ನಿಪುಡಿಗೆ ಏನೂ ಆಗಿರಲಿಲ್ಲ.

ಮೂಗಿಗೆ ಗೊತ್ತಾಗುವುದು ಆಹಾರ ಕೆಡಿಸುವ ಸೂಕ್ಷ್ಮಜೀವಿ. ನಮಗೆ ಕಾಯಿಲೆ ತರುವ ಸೂಕ್ಷ್ಮಜೀವಿ ಬಹಳ ಸಲ ಬೇರೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಇವು ವಾಸನೆ ಕೊಡದೆ ಕೂತಿರಬಹುದು. ಲಿಸ್ಟೀರಿಯಾ ಅಂತೂ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ವಾಸನೆ ಬಂತು ಅಂದರೆ ಎಸೆಯಿರಿ, ಅದರಲ್ಲಿ ಎರಡು ಮಾತಿಲ್ಲ. ವಾಸನೆ ಬರಲಿಲ್ಲ ಅನ್ನೋದು ಮಾತ್ರ ತಿನ್ನಬಹುದು ಅಂತ ಹೇಳುವ ಗುರುತಲ್ಲ.

"ಚೆನ್ನಾಗಿ ಕುದಿಸಿಬಿಟ್ಟರೆ ಆಯ್ತು" ಅನ್ನೋ ಮಾತಿಗೂ ಇದೇ ಉತ್ತರ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ. ಅದು ಆಗಲೇ ಬಿಟ್ಟ ವಿಷ ಕೆಲವು ಸಲ ಹಾಗೇ ಉಳಿಯುತ್ತದೆ. ಕೈಯಿಂದ, ಗಾಯದಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಬಿಡುವ ವಿಷವೂ ಹೀಗೇ. ಹಾಗಾಗಿ ತಿನ್ನೋದು, ಕುದಿಸಿ ತಿನ್ನೋದು, ಎಸೆಯೋದು ಅನ್ನುವ ಮೂರು ದಾರಿಯಲ್ಲಿ ನಡುವಿನ ದಾರಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಅನುಮಾನ ಇದ್ದದ್ದು ಕುದಿಸಿದ ಮೇಲೂ ಅನುಮಾನವೇ.

ಹಾಲು ಮತ್ತು ಮೊಸರು

ಒಂದೇ ಡೈರಿಯಿಂದ ಬಂದರೂ ಎರಡಕ್ಕೂ ಬೇರೆ ನಿಯಮ. ದಿನಾ ಬರುವ ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಅಂದರೆ ಸುಮಾರು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ ತಕ್ಷಣ ತಣಿಸಿದ್ದು. ಎಲ್ಲಾ ಸೂಕ್ಷ್ಮಜೀವಿಯೂ ಅದರಲ್ಲಿ ಸಾಯುವುದಿಲ್ಲ, ಅದಕ್ಕೇ ಅದರ ಆಯಸ್ಸು ಕಡಿಮೆ. ಡೇಟ್ ಇರುವ ದಿನವೇ ಕಾಯಿಸಿ, ಆರಿಸಿ, ಫ್ರಿಜ್ಜಿಗೆ ಇಟ್ಟರೆ ಇನ್ನೊಂದು ದಿನ ಬರುತ್ತದೆ. ಡೇಟ್ ದಾಟಿದ ಮೇಲೆ ಕಾಯಿಸಿ ನೋಡೋಣ ಅನ್ನೋದು ಉಲ್ಟಾ ಲೆಕ್ಕ. ಕಾಯಿಸುವಾಗ ತಾನಾಗೇ ಒಡೆದ ಹಾಲಿನಿಂದ ಸಿಹಿ ಮಾಡುವವರು ತುಂಬಾ ಜನ ಇದ್ದಾರೆ, ನಮ್ಮ ಅತ್ತೆಯೂ ಮಾಡುತ್ತಿದ್ದರು. ನಾನು ಮಾಡುವುದಿಲ್ಲ. ಒಳ್ಳೆ ಹಾಲಿಗೆ ನಾವೇ ನಿಂಬೆ ಹಿಂಡಿ ಒಡೆಸುವುದು ಬೇರೆ. ಯಾವ ಬ್ಯಾಕ್ಟೀರಿಯಾ ಸೇರಿ ಒಡೆಯಿತೋ ಗೊತ್ತಿಲ್ಲದ ಹಾಲು ಬೇರೆ.

ಮೊಸರಿನಲ್ಲಿ ಹುಳಿಯೇ ಕಾವಲು. ಆ ಹುಳಿಯಲ್ಲಿ ಕಾಯಿಲೆ ತರುವ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಫ್ರಿಜ್ಜಿನಲ್ಲೇ ಇದ್ದ, ಪ್ಯಾಕೆಟ್ ಒಡೆಯದ ಮೊಸರು ಎರಡು ಮೂರು ದಿನ ದಾಟಿದ್ದರೆ ಹುಳಿ ಜಾಸ್ತಿ ಆಗಿರುತ್ತದೆ, ಅಷ್ಟೇ. ಮೇಲೆ ನಿಂತ ತಿಳಿನೀರು ಕೆಟ್ಟಿದ್ದರ ಗುರುತಲ್ಲ. ನಮ್ಮ ಮನೆಯ ಎರಡು ದಿನ ದಾಟಿದ ಮೊಸರು ಅವತ್ತೇ ಬೂದುಗುಂಬಳದ ಮಜ್ಜಿಗೆಹುಳಿ ಆಯಿತು. ಆದರೆ ಪ್ಯಾಕೆಟ್ ಉಬ್ಬಿದ್ದರೆ, ಮೇಲೆ ಗುಲಾಬಿ, ಕಿತ್ತಳೆ, ಹಸಿರು ಚುಕ್ಕೆ ಕಂಡರೆ, ಹುಳಿಯ ಬದಲು ಕಹಿ ಬಂದರೆ ಇಡೀ ಪ್ಯಾಕೆಟ್ ಎಸೆಯಬೇಕು. ಚಮಚದಲ್ಲಿ ಮೇಲಿಂದ ತೆಗೆದು ಕೆಳಗಿನದು ತಿನ್ನುವ ಹಾಗಿಲ್ಲ.

ಪನೀರ್ ಮತ್ತು ದೋಸೆ ಹಿಟ್ಟು

ಒಂದೇ ಗುರುತು ಎರಡು ಅರ್ಥ ಕೊಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಅವತ್ತು ಎರಡು ಪ್ಯಾಕೆಟ್ಟೂ ಉಬ್ಬಿದ್ದವು.

ದೋಸೆ ಹಿಟ್ಟು ಉಬ್ಬಲೇಬೇಕು. ಅಕ್ಕಿ ಉದ್ದು ಹುದುಗುವಾಗ ಗಾಳಿ ಬರುತ್ತದೆ, ಹುಳಿಯೂ ಬರುತ್ತದೆ. ಒಡೆದು ನೋಡಿದೆ, ಹಿಟ್ಟಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ಚೊಕ್ಕ ಹುಳಿ ವಾಸನೆ. ಒಂದು ದಿನ ದಾಟಿತ್ತು, ಕಾವಲಿ ಮೇಲೆ ಹುಯ್ದರೆ ತೂತು ತೂತಾಗಿ ದೋಸೆ ಎದ್ದಿತು. ಹುಳಿ ಜಾಸ್ತಿ ಅನಿಸಿದರೆ ಸ್ವಲ್ಪ ರವೆ, ಈರುಳ್ಳಿ, ಹಸಿಮೆಣಸು ಹಾಕಿ ಗುಳಿಯಪ್ಪ ಮಾಡಿ. ಹಿಟ್ಟಿನ ಮೇಲೆ ಗುಲಾಬಿ ಅಥವಾ ಕಪ್ಪು ಮಚ್ಚೆ ಇದ್ದರೆ, ಕೊಳೆತ ವಾಸನೆ ಬಂದರೆ, ಸೌಟು ಎತ್ತಿದಾಗ ನೂಲು ನೂಲಾಗಿ ಎಳೆದರೆ ಮಾತ್ರ ಬೇಡ.

ಪನೀರ್ ಉಬ್ಬಬಾರದು. ಅದರಲ್ಲಿ ನೀರು ಜಾಸ್ತಿ, ಪ್ರೋಟೀನ್ ಜಾಸ್ತಿ, ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹುಳಿಯೂ ಹೆಚ್ಚಿಲ್ಲ. ಬ್ಯಾಕ್ಟೀರಿಯಾಗೆ ಹಬ್ಬದೂಟ. ಪ್ಯಾಕೆಟ್ ಮೇಲೆ ಹೆಬ್ಬೆರಳು ಒತ್ತಿದರೆ ಬಲೂನಿನ ಹಾಗೆ ಹಿಂದಕ್ಕೆ ಬಂತು. ಒಳಗೆ ತಿಳಿಯಾಗಿರಬೇಕಾದ ನೀರು ಮಸುಕು. ಕತ್ತರಿಸಿದೆ. ಅಂಚು ತೆಳು ಹಳದಿ, ಮುಟ್ಟಿದರೆ ಒದ್ದೆ ಸೋಪಿನ ಹಾಗೆ ಜಾರುತ್ತಿತ್ತು, ಬೆರಳಿಗೆ ಲೋಳೆ ಅಂಟಿತು. ಅತ್ತೆ ಮತ್ತೆ ವಾಸನೆ ನೋಡಿ "ಅಷ್ಟೇನಿಲ್ವಲ್ಲಾ" ಅಂದರು. ಆ ಲೋಳೆ ಅವರ ಕೈಗೂ ಮುಟ್ಟಿಸಿದೆ. "ಬೇಡ ಬಿಡು" ಅಂದರು. ಉಬ್ಬದೇ ಇದ್ದಿದ್ದರೂ ಮೂರು ದಿನ ದಾಟಿದ ಪನೀರ್ ನಾನು ಬಳಸುತ್ತಿರಲಿಲ್ಲ. ಇದು ಮಗಳ ಡೇಟ್ ಗೆಲ್ಲುವ ಜಾಗ.

ಟಿನ್ನಿನಲ್ಲಿ ಬರುವ ರಸಗುಲ್ಲಾ, ಜಾಮೂನು, ಬಟಾಣಿ ಇವುಗಳಲ್ಲೂ ಉಬ್ಬು ಅಂದರೆ ಅಪಾಯ. ಮುಚ್ಚಳ ಅಥವಾ ತಳ ಹೊರಕ್ಕೆ ಉಬ್ಬಿದ್ದರೆ ತೆರೆದೂ ನೋಡಬೇಡಿ, ಡೇಟ್ ಇನ್ನೂ ವರ್ಷ ಇದ್ದರೂ ಬೇಡ. ಬಾಟ್ಯುಲಿಸಂ ಅನ್ನುವ ನರಕ್ಕೆ ಹೊಡೆಯುವ ಕಾಯಿಲೆ ಅದರಿಂದ ಬರಬಹುದು. ಅಪರೂಪ, ಆದರೆ ಜೀವ ತೆಗೆಯುವಂಥದ್ದು. ರುಚಿ ನೋಡಲು ನಾಲಿಗೆಗೆ ಇಟ್ಟ ಒಂದು ತೊಟ್ಟೂ ಸಾಕು.

ಬ್ರೆಡ್ಡು

ಎರಡು ದಿನ ದಾಟಿದ ಬ್ರೆಡ್ಡು ಬೂಸ್ಟು ಬರದಿದ್ದರೆ ಟೋಸ್ಟ್ ಮಾಡಿ ತಿನ್ನಬಹುದು. ನಮ್ಮದರಲ್ಲಿ ಮೂರನೇ ಸ್ಲೈಸಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಇತ್ತು. ಇಡೀ ಪ್ಯಾಕೆಟ್ ಎಸೆದೆವು. ಮೆತ್ತನೆ ಆಹಾರದಲ್ಲಿ ಬೂಸ್ಟಿನ ಎಳೆ ಒಳಗೆಲ್ಲಾ ಹರಡಿರುತ್ತದೆ, ಕಣ್ಣಿಗೆ ಕಾಣುವುದು ಮೇಲಿನ ತುದಿ ಮಾತ್ರ. ಆ ಮೂಲೆ ಕಿತ್ತು ಉಳಿದದ್ದು ತಿಂದರೆ ಪ್ರಯೋಜನ ಇಲ್ಲ. ಬೂಸ್ಟು ಬಂದ ಬ್ರೆಡ್ಡನ್ನು ಮೂಗಿಗೆ ಹಿಡಿದು ಮೂಸಲೂ ಬೇಡಿ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಗಟ್ಟಿ ಚೀಸ್ ಒಂದಕ್ಕೆ ರಿಯಾಯಿತಿ ಇದೆ, ಬೂಸ್ಟಿನ ಸುತ್ತ ಒಂದು ಇಂಚು ಆಳಕ್ಕೆ ಕತ್ತರಿಸಿ ತೆಗೆದು ಉಳಿದದ್ದು ಬಳಸಬಹುದು. ಚೀಸ್ ಸ್ಲೈಸ್, ಸ್ಪ್ರೆಡ್ ಇವಕ್ಕಲ್ಲ.

ಮೊಟ್ಟೆ, ಕೋಳಿ, ಮೀನು

ಮೊಟ್ಟೆಯನ್ನು ನೀರಿಗೆ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಹಳೆಯದಾದಷ್ಟೂ ಒಳಗಿನ ನೀರು ಆರಿ ಗಾಳಿ ತುಂಬುತ್ತದೆ, ಅದಕ್ಕೇ ತೇಲುತ್ತದೆ. ಅದು ಹೇಳುವುದು ವಯಸ್ಸು ಮಾತ್ರ. ಸಾಲ್ಮೊನೆಲ್ಲಾ ಇದ್ದ ತಾಜಾ ಮೊಟ್ಟೆಯೂ ತಳಕ್ಕೇ ಕೂರುತ್ತದೆ. ಫ್ರಿಜ್ಜಿನಲ್ಲೇ ಇದ್ದ, ಡೇಟ್ ಕೆಲವು ದಿನ ದಾಟಿದ, ಮುಳುಗುವ ಮೊಟ್ಟೆಯನ್ನು ಬೇರೆ ಬಟ್ಟಲಿಗೆ ಒಡೆದು ನೋಡಿ, ಹಳದಿ ಗಟ್ಟಿಯಾಗುವ ತನಕ ಬೇಯಿಸಿ ತಿನ್ನಬಹುದು. ಹಾಫ್ ಬಾಯಿಲ್ಡ್, ಬುಲ್ಸ್ ಐ ಅದರಲ್ಲಿ ಬೇಡ. ತೇಲಿದ್ದು ಎಸೆಯಿರಿ.

ಡೇಟ್ ದಾಟಿದ ಹಸಿ ಕೋಳಿ, ಕೈಮ, ಸಾಸೇಜ್, ಸಲಾಮಿ ಬಗ್ಗೆ ಹೇಳಲು ಹೆಚ್ಚಿಲ್ಲ. ಬೇಡ.

ಮೀನಿನ ವಿಷಯದಲ್ಲಿ ಕರಾವಳಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಕಿವಿರು ನೋಡಿ, ಕಣ್ಣು ನೋಡಿ ತರುವವರು ಅವರು. ಒಳನಾಡಿನಲ್ಲಿ ಪ್ಯಾಕೆಟ್ ಮೀನು ತರುವ ನಮ್ಮಂಥವರಿಗೆ ಒಂದು ಮಾತು. ಬಂಗುಡೆ, ಬೂತಾಯಿ, ಟ್ಯೂನ ತರದ ಮೀನು ಬೆಚ್ಚಗೆ ಉಳಿದರೆ ಅದರಲ್ಲಿ ಹಿಸ್ಟಮೀನ್ ಅನ್ನುವ ರಾಸಾಯನಿಕ ಸೇರುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆನೋವು, ಮೈ ತುರಿಕೆ ಬರುತ್ತದೆ. ಎಷ್ಟೇ ಹುಳಿ ಖಾರ ಹಾಕಿ ಕುದಿಸಿದರೂ ಆ ಹಿಸ್ಟಮೀನ್ ಹೋಗುವುದಿಲ್ಲ.

ಒಣ ಸಾಮಾನು: ಇಲ್ಲಿ ಅತ್ತೆಯ ಮೂಗೇ ಸರಿ, ಒಂದನ್ನು ಬಿಟ್ಟು

ನಮ್ಮ ಹಳೇ ಮೈಸೂರು ಕಡೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಯಾವ ಡೇಟೂ ಇರಲಿಲ್ಲ. ರಾಗಿಯಲ್ಲಿ ಕೊಬ್ಬು ತೀರಾ ಕಡಿಮೆ, ಕಾಳು ಒಣಗಿದ್ದರೆ ಕೆಡಲು ಕಾರಣವೇ ಇಲ್ಲ. ಅದೇ ಸಜ್ಜೆಯಲ್ಲಿ ಕೊಬ್ಬು ಜಾಸ್ತಿ, ಹಿಟ್ಟು ಮಾಡಿಸಿದ ಕೆಲವೇ ದಿನಕ್ಕೆ ಕಹಿಯಾಗುತ್ತದೆ. ಹಾಗಾಗಿ ಒಣ ಸಾಮಾನಿನಲ್ಲಿ ಎರಡೇ ಪ್ರಶ್ನೆ. ನೀರು ತಾಗಿದೆಯಾ? ಎಣ್ಣೆಯಂಶ ಎಷ್ಟಿದೆ?

ಉಪ್ಪು, ಸಕ್ಕರೆ, ಜೇನು, ಒಣ ಮಸಾಲೆ, ಅಕ್ಕಿ, ಬೇಳೆ, ಅವಲಕ್ಕಿ, ಶಾವಿಗೆ ಇವು ಡೇಟ್ ದಾಟಿದರೆ ಗಾಬರಿ ಬೇಡ. ಸಾರಿನ ಪುಡಿ ಘಮ ಕಳೆದುಕೊಂಡಿರುತ್ತದೆ, ಒಂದು ಚಮಚ ಜಾಸ್ತಿ ಹಾಕಿ. ರವೆಯಲ್ಲಿ ಎರಡು ಹುಳ ಕಂಡರೆ ಜರಡಿ ಹಿಡಿದು ಹುರಿದುಕೊಳ್ಳಬಹುದು. ಬಲೆ ಕಟ್ಟಿ ಉಂಡೆ ಉಂಡೆ ಆಗಿದ್ದರೆ, ಮುಗ್ಗಲು ವಾಸನೆ ಇದ್ದರೆ ಬೇಡ. ಜೇನು ಡೇಟ್ ಒಳಗಿದ್ದರೂ ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು, ಇದನ್ನು ಎಲ್ಲಿ ಅವಕಾಶ ಸಿಕ್ಕರೂ ನಾನು ಹೇಳುತ್ತೇನೆ, ಯಾಕೆಂದರೆ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು ಇನ್ನೂ ನಿಂತಿಲ್ಲ.

ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಚಿಪ್ಸ್, ಕೊಬ್ಬರಿ, ಎಣ್ಣೆ ಇವು ಕೆಡುವುದು ಕಮಟಾಗಿ. ಅದನ್ನು ಹಿಡಿಯಲು ಮೂಗಿಗಿಂತ ಒಳ್ಳೆ ಯಂತ್ರ ಇಲ್ಲ. ಕಮಟು ವಾಸನೆ ಇಲ್ಲದಿದ್ದರೆ ಡೇಟ್ ವಾರ ದಾಟಿದರೂ ತಿನ್ನಿ. ಇದ್ದರೆ ಡೇಟ್ ಒಳಗೇ ಇದ್ದರೂ ಬಿಡಿ. ಮಿಠಾಯಿಯಲ್ಲೂ ಇದೇ ವ್ಯತ್ಯಾಸ, ತುಪ್ಪ ಸಕ್ಕರೆಯ ಮೈಸೂರು ಪಾಕ್ ದಿನಗಟ್ಟಲೆ ಇರುತ್ತದೆ, ಖೋವಾ ಸಿಹಿ ಇರುವುದಿಲ್ಲ. 2020ರ ಅಕ್ಟೋಬರ್ 1ರಿಂದ ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಸಿಹಿಗೂ ಬೆಸ್ಟ್ ಬಿಫೋರ್ ಡೇಟ್ ತೋರಿಸಬೇಕು ಅಂತ ನಿಯಮ ಬಂದಿತ್ತು. ಟ್ರೇ ಮುಂದೆ ಚೀಟಿ ಕಾಣದಿದ್ದರೆ ಕೇಳಿ, ಸಂಕೋಚ ಬೇಡ.

ಒಂದನ್ನು ಬಿಟ್ಟು ಅಂದೆನಲ್ಲ, ಅದು ಕಡಲೆಬೀಜ. ಒದ್ದೆ ತಾಗಿದ ಕಡಲೆಬೀಜ, ಮೆಕ್ಕೆಜೋಳದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಅದು ಲಿವರಿಗೆ ಹೊಡೆಯುತ್ತದೆ, ವರ್ಷಗಟ್ಟಲೆ ತಿಂದರೆ ಕ್ಯಾನ್ಸರ್ ತರಬಹುದು. ಹುರಿದರೆ ಪೂರ್ತಿ ಹೋಗುವುದಿಲ್ಲ. ನಮ್ಮ ಪ್ಯಾಕೆಟ್ಟನ್ನು ಮೊರಕ್ಕೆ ಸುರಿದೆವು. ಒಂದು ಹಿಡಿಯಷ್ಟು ಬೀಜ ಸುಕ್ಕುಗಟ್ಟಿ ಕಂದಾಗಿದ್ದವು, ಒಂದನ್ನು ಬಿಡಿಸಿದರೆ ಎರಡು ಬೇಳೆಯ ನಡುವೆ ಬೂದು ಹಸಿರು ಪುಡಿ. ಒಳ್ಳೆಯದನ್ನು ಆರಿಸಿಕೊಳ್ಳೋಣ ಅಂತ ಅತ್ತೆ ಕೂತರು. ಅಷ್ಟೊಂದು ಕೆಟ್ಟದ್ದು ಸೇರಿದ್ದರಿಂದ ನಾನು ಅದನ್ನೂ ಬೇಡ ಅಂದೆ. ದುಡ್ಡು ಕೊಟ್ಟು ತಂದದ್ದು, ಹೊಟ್ಟೆ ಉರಿಯುತ್ತದೆ ನಿಜ, ಆದರೂ.

ಮನೆ ಉಪ್ಪಿನಕಾಯಿಗೆ ಉಪ್ಪು, ಎಣ್ಣೆ, ಹುಳಿ ಮೂರೂ ಕಾವಲು. ಉಪ್ಪುನೀರಿನ ಮಾವಿನ ಮಿಡಿಯ ಮೇಲೆ ತೆಳ್ಳಗೆ ಬಿಳಿ ಪೊರೆ ಬಂದರೆ ಅದು ಹೆಚ್ಚಾಗಿ ಯೀಸ್ಟ್. ಉಣ್ಣೆಯ ಹಾಗೆ ಎದ್ದು ನಿಂತ ಹಸಿರು, ಕಪ್ಪು ಬೂಸ್ಟು ಬಂದರೆ ಜಾಡಿ ಖಾಲಿ ಮಾಡಬೇಕು.

ಯಾರ ತಟ್ಟೆಗೆ ಹೋಗುತ್ತಿದೆ

ಮೇಲೆ "ತಿನ್ನಬಹುದು" ಅಂದದ್ದೆಲ್ಲಾ ಗಟ್ಟಿಮುಟ್ಟಾದ ದೊಡ್ಡವರಿಗೆ. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಡೇಟ್ ಹೇಳಿದ ಹಾಗೇ ನಡೆಯಿರಿ. ಹಸುಗೂಸಿನ ಹಾಲಿನ ಪುಡಿ ಡೇಟ್ ಒಂದೇ ದಿನ ದಾಟಿದರೂ ಬೇಡ. ಉಳಿದದ್ದನ್ನು ಮನೆಗೆಲಸಕ್ಕೆ ಬರುವವರಿಗೆ ಕೊಟ್ಟುಬಿಡುವ ಅಭ್ಯಾಸವೂ ಕೆಲವು ಮನೆಯಲ್ಲಿದೆ. ನಮ್ಮ ಮಕ್ಕಳಿಗೆ ಕೊಡಲು ಭಯವಾದದ್ದನ್ನು ಅವರ ಮಕ್ಕಳಿಗೂ ಕೊಡಬೇಡಿ.

ತಿಂದ ಮೇಲೆ ಹೊಟ್ಟೆ ಕೆಟ್ಟರೆ ಓಆರ್‌ಎಸ್ ಶುರು ಮಾಡಿ. ಮಲದಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆ ಆಗುವುದು, ಕಣ್ಣು ಮಂಜಾಗುವುದು ಅಥವಾ ಎರಡೆರಡಾಗಿ ಕಾಣುವುದು ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಅಂತ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಫ್ರಿಜ್ ಸರಿಯಿದ್ದರೆ ಮಾತ್ರ ಈ ಲೆಕ್ಕ

ಫ್ರಿಜ್ 4 ಡಿಗ್ರಿ ಆಸುಪಾಸು, ಫ್ರೀಜರ್ ಮೈನಸ್ 18 ಇರಬೇಕು. ಉಳಿದ ಅನ್ನ, ಪಲ್ಯ, ಸಾಂಬಾರನ್ನು ಎರಡು ಗಂಟೆಯೊಳಗೆ ಒಳಗಿಡಿ, ಬೇಸಿಗೆಯಲ್ಲಿ ಒಂದೇ ಗಂಟೆ. ಅಗಲ ಪಾತ್ರೆಯಲ್ಲಿ ಹರಡಿದರೆ ಬೇಗ ಆರುತ್ತದೆ. ಡೇಟ್ ಹತ್ತಿರ ಬಂತು, ಈಗ ಬೇಡ ಅನಿಸಿದರೆ ಬ್ರೆಡ್ಡು, ಪನೀರ್, ಕಾಯಿತುರಿ, ಕೋಳಿ ಎಲ್ಲವನ್ನೂ ಡೇಟ್ ದಾಟುವ ಮುಂಚೆ ಫ್ರೀಜರಿಗೆ ಹಾಕಿ. ದಾಟಿದ ಮೇಲೆ ಹಾಕಿದರೆ ಉಪಯೋಗ ಇಲ್ಲ, ಫ್ರೀಜರ್ ಬ್ಯಾಕ್ಟೀರಿಯಾವನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ.

ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ನೀವು ಊರಿಗೆ ಹೋದಾಗ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ಹೇಗೆ ಗೊತ್ತಾಗಬೇಕು? ಹೊರಡುವ ಹಿಂದಿನ ದಿನ ಒಂದು ಲೋಟ ನೀರನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಫ್ರೀಜರ್ ಕರಗಿಲ್ಲ. ನಾಣ್ಯ ಲೋಟದ ತಳದಲ್ಲಿ ಹೆಪ್ಪುಗಟ್ಟಿ ಕೂತಿದ್ದರೆ ಎಲ್ಲಾ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. ಆಗ ಕೋಳಿ, ಮೀನು, ಪನೀರ್, ಹಾಲು ಯಾವುದರ ಡೇಟನ್ನೂ ಓದಲು ಹೋಗಬೇಡಿ, ಚೀಲಕ್ಕೆ ಹಾಕಿ ಹೊರಗೆ ಇಡಿ.